ಹೊಗಳಿದರೆ ಸಿಟ್ಟಾಗುತ್ತಿದ್ದ ಈರಣ್ಣ

ಆಗ ನನಗೆ ಐವತ್ತೊಂಬತ್ತು. ಇಪ್ಪತ್ತೈದು ವರ್ಷ ಆಯಿತು. ಕಗ್ಗದಾಸಪುರದ ನಮ್ಮ ಮನೆ ಬಾಗಿಲಿಗೆ ಒಬ್ಬ ಬಂದು ನಿಂತ. ನಮಸ್ಕಾರ ಇಲ್ಲ, ಯಾರಿದ್ದೀರಿ ಅನ್ನುವುದೂ ಇಲ್ಲ. ಬೆರಳಿನ ಗೆಣ್ಣಿನಿಂದ ಬಾಗಿಲ ಹಲಗೆಗೆ ಟಕಟಕ ಬಡಿದ, ಕಿವಿ ಹಚ್ಚಿದ, ಸ್ವಲ್ಪ ಕೆಳಗೆ ಇನ್ನೊಂದು ಸಲ ಬಡಿದ. ಬಾಗಿಲು ತೆರೆದೇ ಇತ್ತು. ನಾನು ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

"ಮನೆ ನೋಡಕ್ಕೆ ಬಂದ್ಯೋ, ಬಾಗ್ಲು ಕೀಳಕ್ಕೆ ಬಂದ್ಯೋ?" ಎಂದು ಕೇಳಿದೆ.

"ಹಲಸಿನ ಹಲಗಿ ಐತ್ರಿ ಅಕ್ಕಾರ. ಭಾಳ ಮಾತಾಡ್ತೈತಿ," ಎಂದ.

ಅವನು ಈರಣ್ಣ. ಗದಗದ ಕಡೆಯವನು. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಮಶಿನ್ನಿನ ಮುಂದೆ ಕೆಲಸ. ನನಗಿಂತ ಐದಾರು ವರ್ಷ ಚಿಕ್ಕವನು, ಅದಕ್ಕೇ ಏಕವಚನ. ಒಂದು ರೂಮು ಸಾಕಿತ್ತು ಅವನಿಗೆ, ಆದರೆ ಹಿತ್ತಲಲ್ಲಿದ್ದ ನಮ್ಮ ಹಳೆಯ ಕೊಟ್ಟಿಗೆಯೂ ಬೇಕು ಎಂದು ಹಟ ಹಿಡಿದ. ಹೊಲವೆಲ್ಲ ಸೈಟುಗಳಾಗಿ ಹಸುಗಳನ್ನು ಮಾರಿದ ಮೇಲೆ ಅದು ಖಾಲಿ ಬಿದ್ದಿತ್ತು. ದಪ್ಪ ಮಣ್ಣಿನ ಗೋಡೆ, ಮರದ ಕಂಬ, ಮೇಲೆ ಹೆಂಚು. ಗೋಡೆಗೂ ಗೆಣ್ಣು ಬಡಿದು ನೋಡಿದ. ಮಣ್ಣು ಉದುರಿತೇ ಹೊರತು ಸದ್ದು ಬರಲಿಲ್ಲ. ಮಗು ಹುಟ್ಟಿದವನ ಹಾಗೆ ಅವನ ಮುಖ ಅರಳಿತು.

ಒಳಗೆ ಎಮ್ಮೆ ಕಟ್ಟುತ್ತೀಯಾ ಎಂದರೆ, ಇಲ್ಲ, ಸ್ಪೀಕರ್ ಮಾಡುತ್ತೇನೆ ಎಂದ. ಮೈಕ್‌ಸೆಟ್ಟಿನವನು ಎಂದುಕೊಂಡು ಬೈಯಲು ಬಾಯಿ ತೆಗೆದೆ. ಮದುವೆಗೆ, ಗಣೇಶನಿಗೆ ಕಟ್ಟುವ ಸ್ಪೀಕರ್ ಅಲ್ಲವಂತೆ. ಮನೆಯಲ್ಲಿ ಕೂತು ಹಾಡು ಕೇಳುವುದಕ್ಕೆ. ಮಾರುವುದಿಲ್ಲ. ಸುಮ್ಮನೆ ಮಾಡುವುದು, ಕೇಳುವುದು, ಬಿಚ್ಚುವುದು, ಮತ್ತೆ ಮಾಡುವುದು. ಹೀಗೂ ಒಂದು ಹುಚ್ಚು ಇರುತ್ತದೆ ಎಂದು ಆ ದಿನ ಗೊತ್ತಾಯಿತು. ಕುಡಿಯುವವನಿಗಿಂತ ವಾಸಿ ಎಂದು ಬೀಗದ ಕೈ ಕೊಟ್ಟೆ.

ಅವನ ಬುದ್ಧಿಯೆಲ್ಲ ಒಂದು ಮಾತಿನಲ್ಲಿತ್ತು. "ಪೆಟಗಿ ಮಾತಾಡಬಾರ್ದ್ರಿ ಅಕ್ಕಾರ, ಹಾಡು ಮಾತಾಡಬೇಕು." ಹಾಡು ಬರುವಾಗ ಮರದ ಪೆಟ್ಟಿಗೆಯೂ ಜೊತೆಗೆ ಗುಂಯ್ ಎಂದರೆ ಅದು ಕೆಟ್ಟ ಪೆಟ್ಟಿಗೆ. ಅದರ ಬಾಯಿ ಮುಚ್ಚಿಸುವುದೇ ಅವನ ಜೀವನದ ಕೆಲಸ. ಒಂದು ಸಲ ಎರಡು ಹಲಗೆಗಳ ನಡುವೆ ಮರಳು ತುಂಬಿದ. ಪೆಟ್ಟಿಗೆ ಸುಮ್ಮನಾಯಿತು ನಿಜ, ಆದರೆ ಎತ್ತಲು ನಾಲ್ಕು ಗಂಡಸರು ಬೇಕಾಯಿತು. ಅದನ್ನು ಇಂದಿರಾನಗರದ ಗೆಳೆಯನ ಮಹಡಿ ಮನೆಗೆ ಸಾಗಿಸುವಾಗ ದಾರಿಯುದ್ದಕ್ಕೂ ಮರಳು ಸುರಿದು, ಮೆಟ್ಟಿಲ ಮೇಲೂ ಸುರಿದು, ಆ ಮನೆಯ ಮಾಲೀಕ ಹೇಳದೆ ಕೇಳದೆ ಗೋಡೆ ಕಟ್ಟಿಸುತ್ತಿದ್ದೀರಾ ಎಂದು ಜಗಳಕ್ಕೆ ಬಂದನಂತೆ.

ಇನ್ನೊಂದು ಸಲ ಪೆಟ್ಟಿಗೆಯ ಹೊಟ್ಟೆಗೆ ಹತ್ತಿ ತುರುಕಬೇಕು ಎಂದ. ಅಂಗಡಿಯ ಹತ್ತಿ ಆಗದಂತೆ, ಹಳೆಯದು, ಮಲಗಿ ಮಲಗಿ ಹದವಾದದ್ದು ಬೇಕಂತೆ. ಹೆಂಡತಿ ನೀಲವ್ವ ತವರಿನಿಂದ ತಂದಿದ್ದ ಹಾಸಿಗೆಯನ್ನು ಅವಳು ಸಂತೆಗೆ ಹೋದಾಗ ಕತ್ತರಿಸಿದ. ನೀಲವ್ವ ನಮ್ಮ ಜಗಲಿಯ ಮೇಲೆ ಬಂದು ಕೂತಳು. ಅಳುತ್ತಾಳೆ ಎಂದುಕೊಂಡೆ. "ಕೇಳ್ರಿ ಅಕ್ಕಾರ, ನನ್ ಗಾದಿ ಹಾಡಾಕತ್ತೈತಿ. ನಾ ಚಾಪಿ ಮ್ಯಾಲ ಮಕ್ಕೊಂಡು ಅದರ ಹಾಡು ಕೇಳಬೇಕು," ಎಂದು ನಕ್ಕಳು. ಆ ಹೆಂಗಸಿನ ಜಾಗದಲ್ಲಿ ನಾನಿದ್ದರೆ ಆ ಪೆಟ್ಟಿಗೆಯೊಳಗೆ ಹತ್ತಿಯ ಜೊತೆಗೆ ಅವನನ್ನೂ ತುರುಕುತ್ತಿದ್ದೆ.

ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಅವರ ಸಭೆ. ಇದೇ ಹುಚ್ಚಿನ ಇನ್ನೂ ಮೂವರು ತಮ್ಮ ತಮ್ಮ ಪೆಟ್ಟಿಗೆಗಳನ್ನು ಆಟೋದಲ್ಲಿ ಹೇರಿಕೊಂಡು ಬರುತ್ತಿದ್ದರು. ಹಲಸೂರಿನ ಸೆಲ್ವರಾಜ ಸೋಫಾ ಹೊಲಿಯುವವನು. ಶಿವಾಜಿನಗರದ ಖಲೀಲ ಹಳೆಯ ರೇಡಿಯೋ, ಕಾರಿನ ಸ್ಪೀಕರ್ ಬಿಚ್ಚಿ ಮಾರುವವನು. ಇಂದಿರಾನಗರದ ಮೂರ್ತಿ, ಅದೇ ಮರಳಿನ ಮಹಡಿಯವನು, ಆಫೀಸಿನ ಇಂಜಿನಿಯರು. ಮೂವರಿಗೂ ಪೆಟ್ಟಿಗೆ ಕಟ್ಟುವುದನ್ನು ಕಲಿಸಿದವನು ಈರಣ್ಣನೇ.

ಅವರದೊಂದು ಕಟ್ಟಳೆ. ಎರಡು ಕಂಬಗಳಿಗೆ ಉದ್ದನೆಯ ಮೊಳೆ ಹೊಡೆದು ಹಗ್ಗ ಕಟ್ಟಿ, ಹಗ್ಗಕ್ಕೆ ನೀಲವ್ವನ ದುಪ್ಪಟಿ ಇಳಿಬಿಡುವುದು. ಪೆಟ್ಟಿಗೆಗಳು ಅದರ ಹಿಂದೆ. ಎಲ್ಲ ಪೆಟ್ಟಿಗೆಗೂ ಒಂದೇ ಹಾಡು. ಯಾರದು ನುಡಿಯುತ್ತಿದೆ ಎಂದು ಕೇಳುವವರಿಗೆ ಕಾಣಬಾರದು, ಕಂಡರೆ ಮುಲಾಜು ಬರುತ್ತದೆ. ಹಾಡು ಮುಗಿದ ಮೇಲೆ ಪ್ರತಿಯೊಬ್ಬನೂ ಒಂದು ತಪ್ಪು ಹೇಳಲೇಬೇಕು. ಚೆನ್ನಾಗಿದೆ ಎನ್ನುವ ಹಾಗಿಲ್ಲ. ಹಾಗೆ ಅಂದರೆ ಈರಣ್ಣನಿಗೆ ಕೆಂಡದಂಥ ಸಿಟ್ಟು.

"ಚಲೋ ಐತಿ ಅನ್ನೂದು ಸತ್ತವರ ಮನ್ಯಾಗ. ಬದುಕಿದ್ದಾಂವಗ ಬೈರಿ," ಎನ್ನುತ್ತಿದ್ದ.

ಬೈಯುತ್ತಿದ್ದರು, ಏನೂ ಕಡಿಮೆ ಇಲ್ಲ. ಅಂಡೆಯೊಳಗೆ ತಲೆ ಇಟ್ಟುಕೊಂಡು ಹಾಡಿದ ಹಾಗಿದೆ, ತಬಲಾ ಬಾರಿಸುವವನಿಗೆ ಮೂರು ದಿನದಿಂದ ಊಟ ಇಲ್ಲ, ಹಾಡುವವಳಿಗೆ ಶೀತ ಆಗಿದೆ, ಕಷಾಯ ಕುಡಿಸಿ. ಬೈಸಿಕೊಂಡವನು ತಲೆ ಕೆರೆದುಕೊಂಡು ನಗುತ್ತಿದ್ದ, ಮುಂದಿನ ತಿಂಗಳು ಪೆಟ್ಟಿಗೆ ಬಿಚ್ಚಿ ಕಟ್ಟಿಕೊಂಡು ಬರುತ್ತಿದ್ದ. ನಾನು ಟೀ, ಪುರಿ ಕೊಡುವ ನೆಪದಲ್ಲಿ ಬಾಗಿಲಲ್ಲಿ ಕೂತು ಕೇಳುತ್ತಿದ್ದೆ. ಹಾಡಿಗಲ್ಲ, ಬೈಗುಳಕ್ಕೆ. ಅಷ್ಟು ಒಳ್ಳೆಯ ಬೈಗುಳ ನಲ್ಲಿಯ ಹತ್ತಿರವೂ ಸಿಗುತ್ತಿರಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು ಎಂದು ಈರಣ್ಣನ ಪಕ್ಕದಲ್ಲೇ ನಿಂತು ಕೂಗಿದೆ. ಅವನು ಮರಕ್ಕೆ ಉಪ್ಪುಕಾಗದ ತಿಕ್ಕುತ್ತಲೇ ಇದ್ದ. ಕೊಬ್ಬು ಎಂದುಕೊಂಡೆ. ಬಲಗಡೆಗೆ ಬಂದು ಕೂಗಿದಾಗ ಎದ್ದ. ಆಮೇಲೆ ಗಮನಿಸಿದೆ. ಮಾತಾಡಿಸಿದರೆ ಕಾಳು ನೋಡುವ ಕೋಳಿಯ ಹಾಗೆ ಬಲಗೆನ್ನೆ ತಿರುಗಿಸುತ್ತಾನೆ. ಪಕ್ಕದಲ್ಲೇ ಕುಕ್ಕರ್ ಕೂಗಿದರೂ ಗೊತ್ತಾಗುವುದಿಲ್ಲ. ನೀಲವ್ವನನ್ನು ಕೇಳಿದೆ. ಅಷ್ಟು ವರ್ಷ ಆ ಮಶಿನ್ನಿನ ಮುಂದೆ ನಿಂತ ಕಿವಿ, ಎಡದ್ದು ಹೋಗಿದೆ, ಬಲದ್ದಕ್ಕೆ ದಪ್ಪ ಸದ್ದು ಕೇಳುತ್ತದೆ, ಸಣ್ಣದು ಕೇಳುವುದಿಲ್ಲ ಎಂದಳು. ಅವನು ಒಪ್ಪುವುದಿಲ್ಲವಂತೆ. ಎಲ್ಲರೂ ಈಚೆಗೆ ಗೊಣಗುವುದು ಕಲಿತಿದ್ದಾರೆ ಎನ್ನುತ್ತಾನಂತೆ. ಯಾರಿಗೂ ಹೇಳಬೇಡಿ, ಭಾನುವಾರದ ಸಭೆಯೂ ಹೋದರೆ ಈ ಮನುಷ್ಯ ಏನು ಮಾಡಬೇಕು ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಮುಖ ನೋಡಿ ಸುಮ್ಮನಾದೆ.

ಆ ತಿಂಗಳ ಸಭೆ ಬಂತು. ಈರಣ್ಣ ಹೊಸ ಜೋಡಿ ಪೆಟ್ಟಿಗೆ ಮಾಡಿದ್ದ. ದುಪ್ಪಟಿಯ ಹಿಂದೆ ಒಂದಾದ ಮೇಲೆ ಒಂದು ನುಡಿದವು. ಮೊದಲ ಮೂರಕ್ಕೂ ಎಂದಿನಂತೆ ಮಂಗಳಾರತಿ ಆಯಿತು, ಮೂವರೂ ನನ್ನದು ನನ್ನದು ಎಂದು ಒಪ್ಪಿಕೊಂಡರು. ಉಳಿದದ್ದು ಈರಣ್ಣನದೇ ಎಂದು ಎಲ್ಲರಿಗೂ ಗೊತ್ತಾಗಿಹೋಯಿತು.

ಅದನ್ನು ಹಚ್ಚಿದ. ತಾಳದ ಮೊದಲ ಏಟಿಗೇ ನನ್ನ ಹಲ್ಲು ಜುಮ್ಮೆಂದಿತು. ತೊಲೆಯ ಮೇಲೆ ಮಲಗಿದ್ದ ಬೆಕ್ಕು ಇಳಿದು ಓಡಿತು. ಆ ಪೆಟ್ಟಿಗೆಗಳಲ್ಲಿ ದಪ್ಪ ಸದ್ದಿಗೆ ದೊಡ್ಡ ಸ್ಪೀಕರು, ಸಣ್ಣ ಸದ್ದಿಗೆ ಟ್ವೀಟರ್ ಎಂಬ ಚಿಕ್ಕದೊಂದು ಇರುತ್ತದೆ. ಟ್ವೀಟರ್ ಕಿರುಚಬಾರದು ಎಂದು ಅದರ ತಂತಿಗೆ ಬಿಳಿ ಬಣ್ಣದ ರೆಸಿಸ್ಟರ್ ತುಂಡು ಹಾಕಿ ಅದುಮಿ ಇಡುತ್ತಾರೆ. ಸಣ್ಣ ಸದ್ದು ಸಾಲದು ಎಂದು ಈರಣ್ಣ ಆ ತುಂಡನ್ನೇ ಕಿತ್ತುಹಾಕಿದ್ದ. ತನ್ನ ಕಿವಿಗೆ ಹದ ಮಾಡಿಕೊಂಡು ಖುಷಿಯಾಗಿ ಕೂತಿದ್ದ.

ಹಾಡು ಮುಗಿಯಿತು. ಸೆಲ್ವರಾಜ ತನ್ನ ಕಾಲ್ಬೆರಳು ನೋಡಿಕೊಂಡ. ಖಲೀಲ ಗಡ್ಡ ನೀವಿಕೊಂಡ. ಅವನ ಕಿವಿಯ ವಿಷಯ ಇವರಿಗೂ ಗೊತ್ತಿದೆ ಎಂದು ನನಗೆ ಆಗಲೇ ತಿಳಿಯಿತು.

ಮೂರ್ತಿ, ಚೆನ್ನಾಗಿದೆ ಈರಣ್ಣ, ತುಂಬ ಕ್ಲಿಯರ್ ಆಗಿದೆ ಎಂದ. ಖಲೀಲ ಫಸ್ಟ್ ಕ್ಲಾಸ್ ಎಂದ. ಸೆಲ್ವರಾಜ ತಲೆ ಎತ್ತದೆ ಸೂಪರ್ ಎಂದ.

ಈರಣ್ಣನ ಕೈಯಲ್ಲಿ ಟೀ ಲೋಟ ಇತ್ತು. ಅದು ಬಾಯಿಯ ಹತ್ತಿರ ಹೋಗದೆ ನಡುವೆ ನಿಂತಿತು. ಒಬ್ಬೊಬ್ಬನ ಮುಖ ನೋಡಿದ.

"ಯಾರ ಸತ್ತಾರ?" ಎಂದು ಮೆಲ್ಲಗೆ ಕೇಳಿದ.

ಅವನು ನನ್ನ ಕಡೆ ತಿರುಗಿದ, ಬಲಗೆನ್ನೆ ಮುಂದೆ ಮಾಡಿಕೊಂಡು. "ಅಕ್ಕಾರ, ನೀವ ಹೇಳ್ರಿ."

ನೀಲವ್ವ ಹಿಂದಿನಿಂದ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ಹೇಳಬಾರದು ಎನ್ನುವುದು ಅವಳ ಮಾತು. ಆದರೆ ಇವನು ಬಾಯಿ ಬಿಟ್ಟು ಕೇಳುತ್ತಿದ್ದಾನೆ, ಇವರು ಹೆಣಕ್ಕೆ ಹೂವು ಹಾಕಿದ ಹಾಗೆ ಕೂತಿದ್ದಾರೆ.

"ಸೌದೆ ಮಿಲ್ಲಲ್ಲಿ ಮದ್ವೆ ಮಾಡ್ದಂಗೈತೆ," ಎಂದೆ. "ಆ ಹೆಂಗ್ಸು ಹಾಡ್ತಿಲ್ಲ, ಬುಸುಗುಡ್ತಾವ್ಳೆ. ನಿಂಗೆ ಕೇಳ್ಸಲ್ಲ ಅಂತ ನಮ್ಮ ಕಿವಿ ಯಾಕಪ್ಪ ಕುಯ್ತೀಯ?"

ಅವನು ಲೋಟ ಕೆಳಗಿಟ್ಟ. ಮೂವರನ್ನೂ ನೋಡಿ, "ನಿಮಗೂ ಗೊತ್ತೈತೇನು?" ಎಂದ. ಸೆಲ್ವರಾಜ ತಲೆ ಆಡಿಸಿದ. ಈರಣ್ಣ ಎದ್ದು ಹಗ್ಗದ ಮೇಲಿನ ದುಪ್ಪಟಿ ಎಳೆದು ಮಡಿಸತೊಡಗಿದ. ಅವಸರ ಮಾಡದೆ, ಅಂಚಿಗೆ ಅಂಚು ಕೂಡಿಸಿ.

"ಸಾಕಿನ್ನ. ಕಿವಿ ಇಲ್ಲದಾಂವ ಸ್ಪೀಕರ್ ಮಾಡೂದು, ಹಲ್ಲಿಲ್ಲದಾಂವ ಕಡ್ಲಿ ಮಾರಿದಂಗ. ಮುಂದಿನ ತಿಂಗಳ ಮೂರ್ತಿ ಮನ್ಯಾಗ ಸೇರ್ರಿ. ನಾ ಬರಂಗಿಲ್ಲ," ಎಂದ.

"ಹಲ್ಲಿಲ್ದೋನು ಕಡ್ಲೆ ಮಾರಿದ್ರೇನು? ತಿನ್ನೋದು ಅವ್ನಲ್ಲವಲ್ಲ," ಎಂದೆ. "ಪೆಟ್ಗೆ ನೀನು ಮಾಡು. ಕೇಳೋದಕ್ಕೆ ಈ ಮೂರು ಗೂಬೆಗಳಿಲ್ವಾ? ಪುಕ್ಕಟೆ ಟೀ ಕುಡೀತಾವೆ."

ದುಪ್ಪಟಿ ಅರ್ಧ ಮಡಿಸಿದ ಹಾಗೇ ಇತ್ತು. ಸೆಲ್ವರಾಜ ಗಂಟಲು ಸರಿಮಾಡಿಕೊಂಡ. "ಅಣ್ಣಾ, ನಿಜ ಹೇಳ್ಲಾ? ನನ್ ತಲೆ ಒಳಗೆ ಇನ್ನೂ ಗುಂಯ್ ಅಂತೈತೆ."

"ನಮ್ ಗಲ್ಲೀಲಿ ಚಾಕು ಸಾಣೆ ಹಿಡಿಯೋನು ಬರ್ತಾನೆ ಭಾಯ್," ಎಂದ ಖಲೀಲ. "ಇದಕ್ಕಿಂತ ಅವನ್ದೇ ಮೆತ್ತಗೆ ಹಾಡ್ತದೆ."

ಮೂರ್ತಿ ಮರ್ಯಾದಸ್ಥ. ಬೈಗುಳದಲ್ಲಿ ಯಾವಾಗಲೂ ಹಿಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು, "ಅಸಹ್ಯವಾಗಿದೆ ಈರಣ್ಣ," ಎಂದ.

ಈರಣ್ಣ ಅವನನ್ನು ನೋಡಿದ. ಎರಡು ವರ್ಷದಲ್ಲಿ ಯಾರೂ ಅಷ್ಟು ನೇರವಾಗಿ ಬೈದಿರಲಿಲ್ಲ. ಅವನ ಹೊಟ್ಟೆ ಕುಲುಕಿತು. ಮೊದಲು ಅಳು ಎಂದುಕೊಂಡೆ, ನೋಡಿದರೆ ನಗು. ದುಪ್ಪಟಿಯನ್ನು ಮತ್ತೆ ಹಗ್ಗದ ಮೇಲೆ ಎಸೆದು ಬೆಸುಗೆ ಹಾಕುವ ಕಡ್ಡಿಯನ್ನು ಕರೆಂಟಿಗೆ ಚುಚ್ಚಿದ. ಬಿಳಿ ತುಂಡು ಹುಡುಕಿ ಹಚ್ಚಿ, ಈಗ ಹೇಗೆ ಎಂದ. ಇನ್ನೂ ಬುಸುಗುಡುತ್ತಾಳೆ ಎಂದರು. ಇನ್ನೊಂದು ಹಚ್ಚಿದ. ಈಗ ನೆಗಡಿಯಾಗಿದೆ ಎಂದರು. ದೀಪ ಹಚ್ಚುವ ಹೊತ್ತಿಗೆ ಆ ಹೆಂಗಸು ಮನುಷ್ಯರ ಹಾಗೆ ಹಾಡಿದಳು. ಆಗಲೂ ಯಾರೂ ಚೆನ್ನಾಗಿದೆ ಎನ್ನಲಿಲ್ಲ. ಇನ್ನು ಮೇಲೆ ಪೊಲೀಸರನ್ನು ಕರೆಯುವ ಅಗತ್ಯ ಇಲ್ಲ ಎಂದ ಖಲೀಲ.

ಆಮೇಲೆ ಈರಣ್ಣ ಹಾಗೇ ಕೆಲಸ ಮಾಡಿದ. ಹಾಡು ನುಡಿಯುವಾಗ ಪೆಟ್ಟಿಗೆಯ ಬೆನ್ನಿಗೆ ಅಂಗೈ ಇಟ್ಟು, ಮರ ಮಾತಾಡುತ್ತದೋ ಇಲ್ಲವೋ ಎಂದು ಚರ್ಮದಲ್ಲಿ ತಿಳಿದುಕೊಳ್ಳುತ್ತಿದ್ದ. ಸಣ್ಣ ಸದ್ದಿಗೆ ಗೂಬೆಗಳ ಕಿವಿ. ನಾಚಿಕೆ ಬಿಟ್ಟು ನನ್ನನ್ನೂ ಕೂರಿಸುತ್ತಿದ್ದ. ನನಗೆ ಹಾಡಿನ ಗಂಧ ಇಲ್ಲ, ಹಲ್ಲು ಜುಮ್ಮೆಂದರೆ ಹೇಳುತ್ತಿದ್ದೆ, ಅಷ್ಟೆ.

ಕೆಲಸದಿಂದ ನಿವೃತ್ತಿಯಾದ ಮೇಲೆ ಗದಗಕ್ಕೆ ಹೊರಟ. ಲಾರಿಗೆ ಸಾಮಾನು ತುಂಬಿ ಬಂದು ಬಾಗಿಲಲ್ಲಿ ನಿಂತ. ಹೋಗಿ ಬರ್ತೀನ್ರಿ ಎನ್ನದೆ ಹಲಗೆಗೆ ಗೆಣ್ಣು ಬಡಿದು, ಕಿವಿಯ ಬದಲು ಅಂಗೈ ಹಚ್ಚಿ, ಇನ್ನೂ ಮಾತಾಡ್ತೈತಿ ಎಂದ. ಯಜಮಾನಿಯ ಹಾಗೇ ಇದೆ ಬಾಗಿಲು ಎಂದೂ ಸೇರಿಸಿದ. ಬಾಯಿಗೆ ಬಂದದ್ದನ್ನು ಅಂದು ಕಳಿಸಿದೆ. ಅದೇ ಕಡೆಯ ಭೇಟಿ.

ನಾಲ್ಕೈದು ವರ್ಷದ ಮೇಲೆ ಒಂದು ಸಂಜೆ ಸೆಲ್ವರಾಜ, ಖಲೀಲ, ಮೂರ್ತಿ ಮೂವರೂ ಒಟ್ಟಿಗೆ ಬಂದರು. ಪೆಟ್ಟಿಗೆ ಇರಲಿಲ್ಲ ಕೈಯಲ್ಲಿ. ಈರಣ್ಣ ಹೋದನಂತೆ, ಎದೆನೋವು, ನೀಲವ್ವ ಮಗಳ ಮನೆಯಲ್ಲಿದ್ದಾಳಂತೆ. ಜಗಲಿಯ ಮೇಲೆ ಕೂತು ಮೂವರೂ ಅವನನ್ನು ಹೊಗಳಿದರು. ಎಂಥ ಕೈ, ಎಂಥ ಮನಸ್ಸು, ಅಂಥವನು ಇನ್ನು ಸಿಗುವುದಿಲ್ಲ ಎಂದರು. ಸತ್ತವರ ಮನೆಯ ಮಾತು. ಅವನ ಕಟ್ಟಳೆಯ ಪ್ರಕಾರ ಈಗ ಅನ್ನಬಹುದು. ನಾನು ಟೀ ಕೊಟ್ಟೆ.

ಮಾರನೆಯ ದಿನ ಬೆಳಿಗ್ಗೆ ಇಕ್ಕಳ ತೆಗೆದುಕೊಂಡು ಕೊಟ್ಟಿಗೆಗೆ ಹೋದೆ. ಹೊಸ ಬಾಡಿಗೆಯವರು ಬರುವವರಿದ್ದರು, ದುಪ್ಪಟಿ ಕಟ್ಟುತ್ತಿದ್ದ ಆ ಎರಡು ಮೊಳೆ ಕೀಳಬೇಕಿತ್ತು. ಒಂದು ಗೇಣು ಒಳಗೆ ಇಳಿಸಿದ್ದಾನೆ ಮಹಾರಾಯ. ಎಳೆದೆ, ತಿರುಚಿದೆ, ಕಾಲು ಕೊಟ್ಟು ಎಳೆದೆ. ಒಂದೂ ಅಲ್ಲಾಡಲಿಲ್ಲ, ನನ್ನ ಅಂಗೈಯ ಚರ್ಮ ಕಿತ್ತುಬಂತು. ಆಗ ಅವನಿಗೆ ಬೈದೆ. ಅವನ ಮೊಳೆಗೆ, ಮರಳಿಗೆ, ಗಾದಿಗೆ, ಗದಗಕ್ಕೆ, ಒಂದನ್ನೂ ಬಿಡದೆ ಬೈದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಏನು ಮಾಡಲಿ, ಮೆಲ್ಲಗೆ ಬೈದರೆ ಅವನಿಗೆ ಕೇಳಿಸುವುದಿಲ್ಲ.