ಒಂದು ಮೈಲ್ಡ್ ಬಿಯರಿಗೆ ನಾಲ್ಕು ತಾಲ್ಲೂಕು

ಬುಧವಾರ ಬೆಳಿಗ್ಗೆ ಎಂಟಕ್ಕೆ ಇಂಡಿಯಿಂದ ಹೊರಟೆವು. ಕಾರು ನನ್ನದು, ಪಕ್ಕದಲ್ಲಿ ಕೂತವರು ಬೆಳಗಾವಿಯ ಬೀಗರು ಮಾರುತಿರಾಯರು. ನನ್ನ ಮಗಳು ರುಕ್ಮಿಣಿಯನ್ನು ಕೊಟ್ಟದ್ದು ಇವರ ಮಗನಿಗೆ. ಬೀಗರಿಗೆ ಸಿಂದಗಿ, ಮುದ್ದೇಬಿಹಾಳ ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ನಿಜವಾದ ಕಾರಣ ಬೇರೆ ಇತ್ತು.

ಮಾರುತಿರಾಯರು ವರ್ಷಕ್ಕೊಮ್ಮೆ ಬರುತ್ತಾರೆ, ಒಂದು ರಾತ್ರಿ ಇರುತ್ತಾರೆ, ಮರುದಿನದ ಬಸ್ಸಿಗೆ ಹೊರಟೇ ಬಿಡುತ್ತಾರೆ. ಹೆಣ್ಣು ಕೊಟ್ಟವರ ಮನೆಯಲ್ಲಿ ಹೆಚ್ಚು ಕೂರಬಾರದೆಂಬುದು ಅವರ ನೇಮ. ಏಳು ವರ್ಷದಿಂದ ಇದೇ ನಡೆದಿದೆ. ಈ ಸಲ ಹೇಗಾದರೂ ಅವರನ್ನು ನಾಲ್ಕು ದಿನ ನಿಲ್ಲಿಸಿಕೊಳ್ಳಬೇಕೆಂದು ನಾನು ಹಟ ಹಿಡಿದಿದ್ದೆ. ಊಟಕ್ಕೆ ಮೊದಲು ಒಂದು ತಣ್ಣನೆಯ ಬಿಯರ್ ಅವರಿಗೆ ಇಷ್ಟ, ಅದೂ ಮೈಲ್ಡ್. ಸ್ಟ್ರಾಂಗ್ ಕುಡಿದರೆ ಮರುದಿನ ತಲೆ ಎತ್ತಲಾರರು. ಹಾಗಾಗಿ ಮಂಗಳವಾರ ಸಂಜೆ ಇಂಡಿಯ ಒಂದು ಒಳ್ಳೆಯ ರೆಸ್ಟೋರೆಂಟಿಗೆ ಕರೆದುಕೊಂಡು ಹೋದೆ. ಕಾರ್ಡಿನಲ್ಲಿ ಹನ್ನೊಂದು ಬಿಯರುಗಳ ಹೆಸರುಗಳಿದ್ದವು. ಬೀಗರು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿ ನಾಲ್ಕನೆಯದರ ಮೇಲೆ ಬೆರಳಿಟ್ಟರು.

"ಅದಿಲ್ರಿ," ಎಂದ ವೇಟರ್.

"ಐದನೇದು?"

"ಸ್ಟ್ರಾಂಗ್ ಒಂದ ಐತ್ರಿ. ಉಳಿದದ್ದೆಲ್ಲಾ ಕಾರ್ಡಿನಾಗ ಅಷ್ಟ."

ಬೀಗರು ನಕ್ಕು ನಿಂಬೆ ಸೋಡಾ ತರಿಸಿಕೊಂಡರು. "ಇಂಡಿ ನಿಂಬಿಕಾಯಿ ಇರೂವಾಗ ಬಿಯರ್ ಯಾಕ ಬೇಕ್ರಿ ಬೀಗರ?" ಅವರು ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಸಮಾಧಾನವೇ ನನ್ನ ನಿದ್ದೆ ಕೆಡಿಸಿತು. ಬೆಳಿಗ್ಗೆ ಅವರು ಬಸ್ಸಿನ ಸಮಯ ಕೇಳುವುದರೊಳಗೆ ಕಾರು ಹೊರಗೆ ತೆಗೆದಿದ್ದೆ. ಇವತ್ತೊಂದು ದಿನ ನಿಮ್ಮದು, ನಾಳೆ ಮಾತ್ರ ಹಿಡಿಯಬೇಡಿ ಎಂದು ಷರತ್ತು ಹಾಕಿಯೇ ಹತ್ತಿದರು.

ಸಿಂದಗಿ ಮುಟ್ಟಿದಾಗ ಹತ್ತಾಗಿತ್ತು. ದಾರಿಯುದ್ದಕ್ಕೂ ತೆನೆ ಹಿಡಿದ ಬಿಳಿಜೋಳ, ಮೈ ಕೊರೆಯುವ ಗಾಳಿ. ಚುರಮುರಿ, ಮಿರ್ಚಿ ತಿಂದೆವು, ಇಬ್ಬರಿಗೂ ಕೂಡಿ ಎಪ್ಪತ್ತು ರೂಪಾಯಿ. ಆಗಷ್ಟೇ ಬಾಗಿಲು ತೆರೆದಿದ್ದ ಬಾರಿನ ಮಾಲೀಕರನ್ನು ಕೇಳಿದೆ.

"ಮೈಲ್ಡ್ ಯಾರು ಕುಡೀತಾರ್ರಿ ಇಲ್ಲಿ? ಬಾಕ್ಸ್ ತರಿಸಿದ್ರ ಹನ್ನೆರಡು ಬಾಟ್ಲಿ ಬರ್ತಾವು. ನೀವೊಂದು ಕುಡಿದು ಹೋಗ್ತೀರಿ. ಉಳಿದ ಹನ್ನೊಂದು ನಾ ಕುಡೀಲೇನು?"

ತಾಳಿಕೋಟೆಯಲ್ಲಿ ಎರಡು ಕಡೆ ವಿಚಾರಿಸಿದೆ. ಎರಡೂ ಕಡೆ ಸ್ಟ್ರಾಂಗೇ. ಚಹಾ ಕುಡಿದು ಹೊರಟಾಗ ಬೀಗರು ಕೆಣಕಿದರು.

"ಊರು ತೋರಸ್ತೇನಿ ಅಂದ್ರಿ. ಮುಂಜಾನಿಂದ ಬರೇ ಫ್ರಿಜ್ ತೋರಸಾಕತ್ತೀರಿ."

"ಇನ್ನೂ ಎರಡು ಊರು ಅದಾವು, ಕೂಡ್ರಿ ಸುಮ್ನ," ಎಂದು ಗೇರು ಹಾಕಿದೆ.

ಮುದ್ದೇಬಿಹಾಳದಲ್ಲಿ ಊಟ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ವಯಸ್ಸಾದ ಮಾಲೀಕರು ನನ್ನ ಮುಖ ನೋಡಿ ಕರುಣೆಯಿಂದ ಫ್ರಿಜ್ಜಿನ ತಳದವರೆಗೂ ಹುಡುಕಿ ಒಂದು ಬಾಟಲಿ ಹೊರತೆಗೆದರು. ಮೈಲ್ಡೇ. ಟವೆಲ್ಲಿನಿಂದ ಒರೆಸಿ ಚೀಟಿ ಓದಿದೆ. ಅವಧಿ ಮುಗಿದು ಎರಡು ತಿಂಗಳಾಗಿತ್ತು.

"ಎರಡ ತಿಂಗಳಿಗೆ ಏನಾಗ್ತದ, ತಗೀರಿ," ಎಂದರು ಬೀಗರು. "ನಿಮ್ಮ ಹಟಾನೂ ಮುಗೀತದ, ನಾನೂ ನಾಳಿ ನಿಶ್ಚಿಂತಿ ಹೋಗ್ತೇನಿ."

"ಅವಧಿ ಮುಗಿದದ್ದು ಮಾವಗ ಕುಡಿಸಿದೆ ಅಂದ್ರ ಮಗಳು ನನ್ನ ಹೊಸ್ತಿಲಾ ತುಳಿಯೂದಿಲ್ಲ," ಎಂದು ಬಾಟಲಿ ಹಿಂದಕ್ಕೆ ಕೊಟ್ಟೆ. ಹಾಗೆ ಕೊಡುವಾಗ ಕೈ ಹಿಂಜರಿದದ್ದು ಸುಳ್ಳಲ್ಲ. ಉಳಿದದ್ದು ಒಂದೇ ಊರು.

ಬಸವನ ಬಾಗೇವಾಡಿ ಸೇರುವಾಗ ಬಿಸಿಲು ಇಳಿಯುತ್ತಿತ್ತು. ಊರ ಹೊರಗಿನ ರೆಸ್ಟೋರೆಂಟಿನಲ್ಲೂ ಮೈಲ್ಡ್ ಇರಲಿಲ್ಲ. ಆದರೆ ಗಲ್ಲಾದ ಮೇಲಿದ್ದ ಮಾಲೀಕರು ನನ್ನನ್ನು ಬರಿಗೈಯಲ್ಲಿ ಅಟ್ಟಲಿಲ್ಲ.

"ಶುಕ್ರವಾರ ಲೋಡ್ ಬರ್ತದ್ರಿ. ಒಂದು ಬಾಕ್ಸ್ ಹಾಕಸ್ತೇನಿ. ಆದ್ರ ಪೂರಾ ಬಾಕ್ಸ್ ನಿಮ್ಮದ. ಆಮ್ಯಾಲೆ ಒಂದ ಸಾಕು ಅನ್ನಂಗಿಲ್ಲ."

"ಪೂರಾ ನಂದ," ಎಂದು ಅಲ್ಲೇ ಮುಂಗಡ ಕೊಟ್ಟೆ.

ಬೀಗರು ಹೌಹಾರಿದರು. "ಹನ್ನೆರಡು ಬಾಟ್ಲಿ ಯಾರು ಕುಡಿಯೂದ್ರಿ?"

"ನೀವ."

"ನಾ ದಿನಕ್ಕ ಒಂದರ ಮ್ಯಾಲೆ ಮುಟ್ಟೂದಿಲ್ಲ. ನಿಮಗ ಗೊತ್ತೈತಿ."

"ಗೊತ್ತೈತಿ, ಅದಕ್ಕ ಹೇಳೇನಿ."

ಅವರು ಕಾರು ಹತ್ತಿದರು. ಮುಂದಿನ ಇಪ್ಪತ್ತು ಕಿಲೋಮೀಟರು ಕಿಟಕಿಯ ಹೊರಗೇ ನೋಡುತ್ತಿದ್ದರು. ಅತಿ ಮಾಡಿದೆನೇನೋ ಎಂದು ನನಗೆ ಅಳುಕು. ಮನಗೂಳಿ ಪೇಟೆ ಬಂದಾಗ ಒಮ್ಮೆಲೇ "ನಿಲ್ಲಸ್ರಿ" ಎಂದರು. ಇಲ್ಲಿಂದಲೇ ವಿಜಯಪುರದ ಬಸ್ಸು ಹತ್ತಿ ಊರಿಗೆ ಹೋಗಿಬಿಡುತ್ತಾರೆಂದುಕೊಂಡೆ. ಇಳಿದು ಹಿಂದೆಯೇ ಹೋದೆ.

ಬೀಗರು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತು, ಕಿವಿಗೆ ಫೋನು ಹಿಡಿದು, ಇನ್ನೊಂದು ಕೈಯಿಂದ ಬನಿಯನ್ನಿನ ಅಳತೆ ನೋಡುತ್ತಿದ್ದರು.

"ರುಕ್ಮಿಣಿ, ನಾ ನಾಳಿ ಬರೂದಿಲ್ಲವ್ವಾ. ನಿಮ್ಮಪ್ಪ ಇಲ್ಲೆ ನನಗ ಹನ್ನೆರಡು ದಿನದ ಕೆಲಸ ಹಚ್ಯಾರ." ಫೋನು ಇಟ್ಟು, ನನ್ನ ಕಡೆ ತಿರುಗಿಯೂ ನೋಡದೆ, ಅಂಗಡಿಯವನಿಗೆ ಹೇಳಿದರು: "ಎರಡು ಸಾಲೂದಿಲ್ಲ, ನಾಲ್ಕು ಕೊಡ್ರಿ."