ಹುಳದ ಮನೆಗೆ ನೀರು ನುಗ್ಗಿದ ದಿನ

ನಮ್ಮತ್ತೆ ತೀರಿಕೊಂಡಾಗ ಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದೇ ಕೊನೆಯದು. ಅದರಿಂದ ಎದ್ದ ಹುಳದ ಹಸಿವನ್ನು ಕಂಡವರೇ ಬಲ್ಲರು. ಅತ್ತೆ ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನನ್ನು ಕೇಳಿದ್ದು ಅದನ್ನೇ.

"ಎದ್ದವಾ?"

"ಎದ್ದವೆ ಅತ್ತೆ."

"ಸೊಪ್ಪು ಕಮ್ಮಿ ಮಾಡ್ಬ್ಯಾಡ. ಗೂಡು ಕಟ್ಟಗಂಟ ನೀನೇ ನೋಡ್ಕೊ. ನನ್ ಮಗನ್ನ ನಂಬ್ಕೊಂಡ್ರೆ ಕೆಟ್ಟೆ. ಅವ್ನಿಗೆ ಅವನ್ ಹೊಟ್ಟೆ ಹಸಿದ್ರೇ ಗೊತ್ತಾಗಕಿಲ್ಲ, ಉಳದ್ ಹಸಿವು ಗೊತ್ತಾದದಾ?"

ಪಕ್ಕದ ಮಂಚದವರು ನಕ್ಕರು. ಅತ್ತೆ ನಗಲಿಲ್ಲ. ಮಾರನೆಯ ಬೆಳಿಗ್ಗೆ ಹೋಗಿಬಿಟ್ಟರು.

ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು. ಮದುವೆಯಾಗಿ ಬಂದ ಲಾಗಾಯ್ತು ಅತ್ತೆಯೂ ನಾನೂ ಹುಳ ಸಾಕುವ ಒಂದೇ ತಟ್ಟೆಯ ಎರಡು ಕಡೆ ನಿಂತು ಸೊಪ್ಪು ಹಾಕಿದವರು. ಅವರ ಬಾಯಿ ಜೋರು. ನನ್ನನ್ನು ಬೈಯದ ದಿನ ಅವರಿಗೆ ಮೈ ಹುಷಾರಿಲ್ಲವೆಂದೇ ಲೆಕ್ಕ. ಅವರು ಚಾಕಿಯಿಂದ, ಎಂದರೆ ಎಳೆಯ ಮರಿಯಿಂದ, ಸಾಕಿ ತಂದಿದ್ದ ಆ ಬೆಳೆಯನ್ನು ಗೂಡು ಕಟ್ಟಿಸಿಬಿಡಬೇಕು, ಆ ದಿನಗಳಲ್ಲಿ ನನಗೆ ಬೇಕಾಗಿದ್ದದ್ದು ಅಷ್ಟೆ.

ಆದರೆ ಸೂತಕದ ಮನೆಯವರು ಹುಳದ ಮನೆಗೆ ಕಾಲಿಡುವಂತಿಲ್ಲ. ಅತ್ತೆಯ ತಂಗಿ, ನನಗೆ ಚಿಕ್ಕತ್ತೆಯಾಗಬೇಕು, ಮಾಗಡಿ ಕಡೆಯಿಂದ ಮಣ್ಣಿಗೆ ಬಂದವರು ತಿಥಿಯವರೆಗೂ ಇಲ್ಲೇ ಉಳಿದರು. "ಸೂತಕದ ಗಾಳಿ ತಾಕುದ್ರೆ ಹಾಲುತೊಂಡೆ ಬತ್ತದೆ. ಮೈಯೆಲ್ಲ ಹಾಲಾಗಿ ಒಡ್ದೋಗ್ತವೆ. ಅಕ್ಕನ್ ಬೆಳೆ ಅಕ್ಕನ್ ಹಿಂದೇನೇ ಓಗ್ಬೇಕಾ?" ಎಂದು ಮೊದಲ ದಿನವೇ ಕಟ್ಟಪ್ಪಣೆ ಮಾಡಿದರು. ಎದುರು ಮನೆಯ ಅಕ್ಕ ಬಂದು ಸೊಪ್ಪು ಹಾಕಿ ಹೋಗುತ್ತಿದ್ದರು. ನಾನು ಬಾಗಿಲಾಚೆ ನಿಂತು, ಒಳಗೆ ಹುಳ ಸೊಪ್ಪು ಕತ್ತರಿಸುವ ಸದ್ದನ್ನು ಕೇಳಿಸಿಕೊಂಡು ವಾಪಸು ಬರುತ್ತಿದ್ದೆ.

ನಮ್ಮ ಹುಳದ ಮನೆ ನೆಲದ ಕೆಳಗಿದೆ. ಮನೆಯ ಪಕ್ಕದ ಓಣಿಯಲ್ಲಿ ಐದಾರು ಮೆಟ್ಟಿಲು ಇಳಿದರೆ ಅದರ ಬಾಗಿಲು. ಶೀಟಿನ ಮಾಡಿನ ಕೆಳಗೆ ಸೆಕೆಗೆ ಹುಳ ಸಾಯುತ್ತವೆಂದು ಅತ್ತೆಯೇ ಹಟ ಹಿಡಿದು ಅಗೆಸಿದ್ದು. ಊರಿನವರು ನಿಧಿ ಸಿಕ್ಕಿತಾ ಎಂದು ಕೇಳಿ ಆಡಿಕೊಂಡರಂತೆ. ನಮ್ಮದು ಇಳಿಜಾರಿನ ಜಾಗ, ಹಿತ್ತಿಲ ಕಡೆ ತಗ್ಗು. ಹಿಂದಿನ ಗೋಡೆಯ ಬುಡದಲ್ಲಿ ಕೈ ತೂರುವಷ್ಟು ಅಗಲದ ಒಂದು ಕಿಂಡಿ ಬಿಟ್ಟಿದ್ದರು. ನೆಲ ತೊಳೆದ ನೀರು ಅದರಲ್ಲಿ ಹಿಂದಿನ ಮನೆಯವನ ಜಾಗಕ್ಕೆ ಹೋಗಿ ಬೀಳುತ್ತಿತ್ತು. ಆ ನೀರಿನ ವಿಷಯಕ್ಕೆ ಅವನಿಗೂ ನಮಗೂ ಹಳೆಯ ತಕರಾರು ಇತ್ತು.

ಪ್ರತಿ ಬೆಳೆಗೂ ಮುಂಚೆ ನೆಲ, ಗೋಡೆ ಎಲ್ಲ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ, ಸುಣ್ಣ ಬಳಿದ ಮೇಲೆ ಅತ್ತೆ ಆ ಕಿಂಡಿಯನ್ನು ಮುಚ್ಚುತ್ತಿದ್ದರು. ಊಜಿ ನೊಣದ ಭಯ. ಆ ನೊಣ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ನೊಣದ ಮರಿ, ಹುಳದ ಮೈಯೊಳಕ್ಕೆ ಕೊರೆದು, ಬದುಕಿರುವಾಗಲೇ ಅದನ್ನು ತಿಂದು, ಹೊರಗೆ ಬಿದ್ದು, ನೆಲದ ಸಂದಿಗೊಂದಿಗಳಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ಒಂದು ಬಿರುಕನ್ನೂ ಬಿಡಬಾರದು. ಅತ್ತೆ ಹೆಂಚಿನ ಚೂರಿಗೆ ಬಟ್ಟೆ ಸುತ್ತಿ ಕಿಂಡಿಗೆ ಜಡಿದು, ಮೇಲೆ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಸುಣ್ಣ ಬಳಿದರೆ ಅಲ್ಲಿ ಕಿಂಡಿ ಇದೆಯೆಂದೇ ತಿಳಿಯುತ್ತಿರಲಿಲ್ಲ. ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟವರಲ್ಲ. ಬೆಳೆ ಮುಗಿದ ಮೇಲೆ ಕೀಳುತ್ತಿದ್ದವರೂ ಅವರೇ.

ತಿಥಿಯ ಹಿಂದಿನ ದಿನ ಹುಳ ಹಣ್ಣಾದವು. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವ ಹಾಗಾದವು. ಎದುರು ಮನೆಯ ಅಕ್ಕ ಬೆಳಗಿನಿಂದ ಅವನ್ನು ಆರಿಸಿ ಚಂದ್ರಿಕೆಗಳಿಗೆ ಬಿಟ್ಟರು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟಲು ಸುತ್ತು ಸುತ್ತಾಗಿ ಬಿದಿರ ಪಟ್ಟಿ ಹೆಣೆದ ಚಾಪೆ. ಅವನ್ನು ಹೊರಗೆ ನೆರಳಿನಲ್ಲಿ ನಿಲ್ಲಿಸುವುದು ಪದ್ಧತಿ. ಮೋಡ ಕಟ್ಟಿದ್ದನ್ನು ನೋಡಿ ಅಕ್ಕ ಎಲ್ಲವನ್ನೂ ಕೆಳಗೇ ಇಟ್ಟು, "ಮಳೆ ಬಂದೋದ್ಮೇಕೆ ಈಚೆಗೆ ಆಕಾನ ಕಣಮ್ಮಿ" ಎಂದು ಹೇಳಿ ಊಟಕ್ಕೆ ಹೋದರು.

ಮಳೆ ಮಧ್ಯಾಹ್ನ ಶುರುವಾಯಿತು. ಮೊದಲು ಆಲಿಕಲ್ಲು. ತಿಥಿಗೆಂದು ಹಾಕಿಸಿದ್ದ ಶಾಮಿಯಾನ ಹರಿದು, ಅದರ ಕಬ್ಬಿಣದ ಕಂಬ ಜಗಲಿಯ ಮೇಲೆ ಉರುಳಿ ಕಡಾಯಿಗಳನ್ನು ಜಜ್ಜಿತು. ತೆಂಗಿನ ಗರಿಗಳು ಶೀಟಿನ ಮೇಲೆ ಬಂದು ಬಡಿದವು. ಊರ ರಸ್ತೆಗೆ ಟಾರಿನ ಮೇಲೆ ಟಾರು ಹಾಕಿ ಹಾಕಿ ಅದು ನಮ್ಮ ಹೊಸ್ತಿಲಿಗಿಂತ ಎತ್ತರವಾಗಿದೆ. ರಸ್ತೆಯ ನೀರೆಲ್ಲ ಕೆಂಪಗೆ ತಿರುಗಿ, ಕಸ ಕಲ್ಲು ಉರುಳಿಸಿಕೊಂಡು ನಮ್ಮ ಓಣಿಗೆ ನುಗ್ಗಿತು. ಮೆಟ್ಟಿಲಿಳಿದು ಬಾಗಿಲನ್ನು ಗುದ್ದಿತು. ಚಿಲಕ ಕಿತ್ತು ಹೋದ ಸದ್ದು ಮಳೆಯ ಸದ್ದಿನಲ್ಲೂ ಕೇಳಿಸಿತು. ನಾವು ಓಡಿ ಬರುವಷ್ಟರಲ್ಲಿ ಕೆಳಗೆ ನೀರು ಮಂಡಿ ದಾಟಿತ್ತು. ತಟ್ಟೆಗಳ ಸ್ಟ್ಯಾಂಡುಗಳು ಒಂದರ ಮೇಲೊಂದು ಬೀಳುತ್ತಿದ್ದವು.

ನಮ್ಮ ಯಜಮಾನರು ಹಾರೆ ಹಿಡಿದು ಹಿತ್ತಿಲಿಗೆ ಓಡಿದರು. ಕಿಂಡಿಯಲ್ಲಿ ನೀರು ಹೋಗುತ್ತಿರಬೇಕಿತ್ತು. ಹನಿಯೂ ಹೋಗುತ್ತಿರಲಿಲ್ಲ. ಹಾರೆಯಿಂದ ತಿವಿದರು. ಒಳಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಹೊರಗಿನಿಂದ ತಿವಿದಷ್ಟೂ ಒಳಗಿನ ನೀರಿನ ಭಾರ ಅದನ್ನು ಹಿಂದಕ್ಕೆ ಒತ್ತುತ್ತಿತ್ತು.

"ಏನ್ಲಾ, ಕಲ್ಲು ತುರುಕಿದ್ದೀಯೇನ್ಲಾ?" ಎಂದು ಹಿಂದಿನ ಮನೆಯವನ ಮೇಲೆ ಕೂಗಿದರು. ಅವನು ತನ್ನ ಬಾಗಿಲಿಗೆ ಮಣ್ಣು ಕಟ್ಟುತ್ತಿದ್ದ.

"ನಿನ್ ಕಿಂಡಿಗೆ ಕಲ್ಲು ತುರುಕೋಕೆ ನಂಗೇನ್ ಬ್ಯಾರೆ ಗೇಮೆ ಇಲ್ವೇನ್ಲಾ?"

"ಓದ್ ಸಲ ಮಣ್ಣು ಸುರ್ದಿದ್ದೋನು ಯಾರು? ನಿಮ್ಮಪ್ಪ ಬಂದಿದ್ನಾ ಎದ್ದು?"

"ಸತ್ತೋರ್ ಸುದ್ದಿ ಎತ್ತಬ್ಯಾಡ. ನಿನ್ ಮನೇಲೂ ಸತ್ತವ್ರೆ."

ಅಷ್ಟೇ. ಯಜಮಾನರು ಗೋಡೆಗೆ ಹಾರೆ ಹಾಕಿದರು. ಗೋಡೆ ಒಡೆದರೆ ನೀರೆಲ್ಲ ಒಂದೇ ಸಲಕ್ಕೆ ಅವನ ಮನೆಗೆ. "ಒಡೀಬ್ಯಾಡ ಕಣ್ಲಾ! ಒಳ್ಗೆ ನಮ್ಮವ್ವ ಮಲ್ಗವ್ಳೆ, ಏಳಕಾಗಕಿಲ್ಲ ಅವ್ಳಿಗೆ!" ಎಂದು ಅವನು ಎಳನೀರು ಕೊಚ್ಚುವ ಮಚ್ಚು ಹಿಡಿದು ಬಂದ. ಅವ್ವ ಎನ್ನುವ ಮಾತು ಕೇಳಿ ಯಜಮಾನರ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಹಾರೆಯನ್ನು ಅಡ್ಡ ಬೀಸಿದರು. ಅದು ಅವನ ಭುಜಕ್ಕೆ ಬಿತ್ತು. ಅವನ ಮಚ್ಚು ಇವರ ಮುಂಗೈಯನ್ನು ಸೀಳಿತು. ರಕ್ತ ಬರುತ್ತಿದ್ದ ಹಾಗೇ ಮಳೆ ತೊಳೆಯುತ್ತಿತ್ತು. ಇಬ್ಬರೂ ಕೆಸರಿನಲ್ಲಿ ಬಿದ್ದು, ಒಬ್ಬರ ಕತ್ತು ಒಬ್ಬರು ಹಿಡಿದು ಹೊರಳಾಡಿದರು. ಗಂಡಸರು ಹೊಡೆದಾಡುವುದನ್ನು ನಾನು ನೋಡಿದ್ದೇನೆ. ಕೊಲ್ಲುವುದಕ್ಕೆಂದೇ ಕತ್ತು ಹಿಡಿದದ್ದನ್ನು ನೋಡಿದ್ದು ಅಂದೇ.

ನಾನು ಓಣಿಯಲ್ಲಿ, ಹಿತ್ತಿಲು ಕಾಣುವ ಹಾಗೆ ಮೆಟ್ಟಿಲ ಮೇಲೆ ನಿಂತಿದ್ದೆ. ಕಲ್ಲು ಎಂದು ಅವರು ಕೂಗಿದ್ದು ತಲೆಯಲ್ಲಿ ಸುತ್ತುತ್ತಿತ್ತು. ಆಗ ಅತ್ತೆಯ ಕೈ ನೆನಪಿಗೆ ಬಂತು. ಈ ಬೆಳೆಗೂ ಕಿಂಡಿ ಮುಚ್ಚಿ ಎದ್ದು ಬಂದು, ಸುಣ್ಣದ ಬೆರಳುಗಳನ್ನು ಸೊಂಟಕ್ಕೆ ಒರೆಸಿಕೊಂಡಿದ್ದರು. ಅದನ್ನು ಬಿಚ್ಚಬೇಕಾದವರು ಅವರು. ಅವರು ಇಲ್ಲ ಎನ್ನುವುದು ಆ ಗಳಿಗೆಯಲ್ಲಿ ನನಗೆ ಗೊತ್ತಾದಂತೆ ಮಣ್ಣು ಹಾಕುವಾಗಲೂ ಗೊತ್ತಾಗಿರಲಿಲ್ಲ.

"ಅತ್ತೆ ಮುಚ್ಚವ್ರೆ! ಒಳಗಿಂದ ಮುಚ್ಚವ್ರೆ!" ಎಂದು ಕೂಗಿದೆ. ಅವರಿಬ್ಬರಿಗೂ ಕೇಳಿಸಲಿಲ್ಲ. ಇಳಿಯಲು ಹೋದೆ. ಚಿಕ್ಕತ್ತೆ ಅಡ್ಡ ಬಂದರು.

"ಸೂತಕ ಕಣೇ! ನಾಳೆಗಂಟ ತಡ್ಕಳೇ!"

"ನಾಳೆಗೆ ಏನ್ ಉಳ್ದಿರ್ತದೆ ಚಿಕ್ಕತ್ತೆ? ಬುಡಿ."

"ಅಕ್ಕನ್ ಬೆಳೆ ನೀನ್ ಮುಟ್ಟಿ ಕೆಡುಸ್ಬ್ಯಾಡ ಅಂತಿವ್ನಿ!"

ಅವರು ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದರು. ಚಿಕ್ಕತ್ತೆಯ ಕೈ ಅತ್ತೆಯ ಕೈಯ ಹಾಗೇ ಬಿಗಿ. ನಾನು ತಿರುಗಿ ಎರಡು ಕೈಯಲ್ಲೂ ಅವರ ಎದೆಗೆ ದೂಡಿದೆ. ಗೋಡೆಗೆ ಹೋಗಿ ಬಿದ್ದರು. ಗಾಜಿನ ಬಳೆ ಒಡೆದು ಕಲ್ಲಿನ ಮೇಲೆ ಚೆಲ್ಲಿತು. ನಾನು ಇಳಿದೆ.

ಒಳಗೆ ಸೊಂಟದ ಮಟ್ಟ ನೀರು. ಕರೆಂಟು ಹೋಗಿತ್ತು, ಮೇಲಿನ ಗವಾಕ್ಷಿಯ ಬೆಳಕು ಮಾತ್ರ. ಚಂದ್ರಿಕೆಗಳು ಮಗುಚಿ ತೇಲುತ್ತಿದ್ದವು. ಹಣ್ಣಾದ ಹುಳಕ್ಕೆ ನೂಲು ಬಿಡುವುದೊಂದೇ ಗೊತ್ತು. ಮುಳುಗುತ್ತಲೂ ಬಿಡುತ್ತಿದ್ದವು. ಸಿಕ್ಕಿದ್ದನ್ನು ಹತ್ತುತ್ತಿದ್ದವು. ನನ್ನ ತೋಳಿಗೆ, ಕುಪ್ಪಸಕ್ಕೆ, ಬಿಚ್ಚಿದ ಕೂದಲಿಗೆ ಹತ್ತಿದವು. ಕತ್ತಿನಲ್ಲಿ, ತುಟಿಯ ಮೇಲೆ ನೂಲು ಅಂಟುತ್ತಿತ್ತು. ಒಂದು ಹೆಜ್ಜೆ ಇಟ್ಟರೆ ಕಾಲ ಕೆಳಗೆ ಹುಳಗಳು ಪಿಚಕ್ಕೆಂದು ಒಡೆಯುತ್ತಿದ್ದವು. ಹಾಗೇ ತುಳಿದುಕೊಂಡು ಮೂಲೆಗೆ ಹೋದೆ. ತಟ್ಟೆಯ ಸ್ಟ್ಯಾಂಡೊಂದು ಉರುಳಿ ನನ್ನ ಪಕ್ಕೆಗೆ ಹೊಡೆಯಿತು. ಅದನ್ನು ಒದ್ದೆ. ಉಸಿರು ಹಿಡಿದು ಮುಳುಗಿ ಗೋಡೆಯ ಬುಡ ತಡಕಿದೆ. ಜೇಡಿಮಣ್ಣು ಮೆತ್ತಗಾಗಿತ್ತು. ಉಗುರಿನಿಂದ ಕೆರೆದೆ. ಬಟ್ಟೆ ಸಿಕ್ಕಿತು, ಬರಲಿಲ್ಲ. ಮತ್ತೆ ಎದ್ದು ಉಸಿರು ತೆಗೆದುಕೊಂಡು, ಕಾಲನ್ನು ಗೋಡೆಗೆ ಒದ್ದು ಹಿಡಿದು ಎಳೆದೆ. ಎರಡು ಉಗುರು ಕಿತ್ತು ಬಂದವು. ಹೆಂಚಿನ ಚೂರಿನ ಸಮೇತ ಬಟ್ಟೆಯೂ ಬಂತು.

ನೀರು ನನ್ನ ಕೈಯನ್ನೇ ಕಿಂಡಿಯೊಳಕ್ಕೆ ಎಳೆದುಕೊಂಡಿತು. ಕಿತ್ತುಕೊಂಡಾಗ ಮೊಣಕೈವರೆಗೆ ಚರ್ಮ ಸುಲಿದಿತ್ತು. ಹೊರಗೆ ಕಿಂಡಿಯಿಂದ ಚಿಮ್ಮಿದ ನೀರು, ಕೆಸರಿನಲ್ಲಿ ಕತ್ತು ಹಿಡಿದುಕೊಂಡಿದ್ದ ಇಬ್ಬರ ಮುಖಕ್ಕೂ ಬಡಿಯಿತಂತೆ. ಜೊತೆಗೆ ಹುಳ. ಇಬ್ಬರೂ ಕೈ ಬಿಟ್ಟರು.

ನಾನು ಹಿತ್ತಿಲಿಗೆ ಬಂದಾಗ ಮಳೆ ಸಣ್ಣಗಾಗಿತ್ತು. ಹಿಂದಿನ ಮನೆಯವನ ಕೋಳಿಗಳು ಎಲ್ಲಿದ್ದವೋ, ಒಂದೇ ಸಲಕ್ಕೆ ಬಂದು ಬಿದ್ದವು. ಕೆಸರಿನಲ್ಲಿ ಹೊರಳುತ್ತಿದ್ದ ಹುಳಗಳನ್ನು ಕುಕ್ಕಿ, ಎಳೆದು, ಎರಡು ಕೋಳಿ ಒಂದು ಹುಳಕ್ಕೆ ಕಿತ್ತಾಡಿ, ನೂಲು ಕೊಕ್ಕಿಗೆ ಸುತ್ತಿಕೊಂಡರೂ ಬಿಡದೆ ನುಂಗುತ್ತಿದ್ದವು. ಯಜಮಾನರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಾರೆ ಎತ್ತಿ ಹತ್ತಿರದ ಕೋಳಿಗೆ ಹೊಡೆದರು. ಅದು ಸತ್ತ ಮೇಲೂ ಹೊಡೆದರು. "ನಮ್ಮವ್ವನ ಉಳ, ನಮ್ಮವ್ವನ ಉಳ" ಎನ್ನುತ್ತಾ ಹೊಡೆದರು. ಅವ್ವ ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲು. ಹಿಂದಿನ ಮನೆಯವನು ಭುಜ ಹಿಡಿದುಕೊಂಡು ಎದ್ದು, ಉಳಿದ ಕೋಳಿಗಳನ್ನು ತಾನೇ ಓಡಿಸಿದ.

ನಾನು ಮುಷ್ಟಿ ಬಿಚ್ಚಿ ಬಟ್ಟೆಯನ್ನು ಇಬ್ಬರಿಗೂ ತೋರಿಸಿದೆ. ಅತ್ತೆಯ ಹಸಿರು ಸೀರೆಯ ಅಂಚು. ಯಜಮಾನರು ಅದನ್ನು ನೋಡಿದರು, ಅವನ ಭುಜ ನೋಡಿದರು. ಅವನು, "ಓಗ್ಲಿ ಬುಡ್ಲಾ. ಮದ್ಲು ಕೈಗೆ ಏನಾರ ಕಟ್ಕೊ" ಎಂದ.

ಹುಳದ ಮನೆಯ ಮಾಡಿನ ಹತ್ತಿರದ ಕೊಂಡಿಗಳಿಗೆ ತೂಗುಹಾಕಿದ್ದ ಮೂರು ಚಂದ್ರಿಕೆಗಳು ಮಾತ್ರ ನೆನೆದಿರಲಿಲ್ಲ. ಮೈಲಿಗೆ ಆಗಿದ್ದು ಆಗಿಹೋಗಿತ್ತು. ನಾನೇ ಅವನ್ನು ಎತ್ತಿ ಹಜಾರಕ್ಕೆ ತಂದೆ. ಕೂದಲಿನಿಂದ, ಬಟ್ಟೆಯಿಂದ ಬಿಡಿಸಿದ ಹುಳಗಳನ್ನೂ ಅದರಲ್ಲಿ ಬಿಟ್ಟೆ. ಮಾರನೆಯ ದಿನ ಅತ್ತೆಗೆ ಎಡೆ ಇಟ್ಟಾಗ ಅವು ಪಕ್ಕದಲ್ಲೇ ತಲೆ ಆಡಿಸುತ್ತಾ ತಮ್ಮ ಸುತ್ತ ನೂಲು ಕಟ್ಟಿಕೊಳ್ಳುತ್ತಿದ್ದವು. ಹಿಂದಿನ ಮನೆಯವನು ತೋಳನ್ನು ಕೊರಳಿಗೆ ಕಟ್ಟಿಕೊಂಡು ಊಟಕ್ಕೆ ಬಂದ. ಯಜಮಾನರು ತಾವೇ ನಿಂತು ಬಡಿಸಿದರು. ಒಬ್ಬರಿಗೆ ಬಲಗೈಯಲ್ಲಿ ಉಣ್ಣಲಾಗದು, ಇನ್ನೊಬ್ಬರಿಗೆ ಬಲಗೈಯಲ್ಲಿ ಬಡಿಸಲಾಗದು.

ಚಿಕ್ಕತ್ತೆ ನನ್ನೊಡನೆ ಮಾತು ಬಿಟ್ಟಿದ್ದರು. ಬಸ್ಸಿಗೆ ಹೊರಟವರು ಚಂದ್ರಿಕೆಯ ಮುಂದೆ ನಿಂತು ಬಹಳ ಹೊತ್ತು ಬಗ್ಗಿ ನೋಡಿದರು.

"ಹಾಲುತೊಂಡೆ ಬಂದಿಲ್ವಾ?"

"ಇಲ್ಲ ಚಿಕ್ಕತ್ತೆ."

"ಬತ್ತದೆ, ನೋಡ್ತಿರು" ಎಂದರು. ಆಮೇಲೆ ನನ್ನ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿ, "ಒಸಿ ಅರಿಶ್ಣ ಮೆತ್ಕೊ" ಎಂದು ಹೇಳಿ ಹೋದರು.

ಹಾಲುತೊಂಡೆ ಬರಲಿಲ್ಲ. ಗೂಡುಗಳು ಬೆಳ್ಳಗೆ, ಗಟ್ಟಿಯಾಗಿ ಕಟ್ಟಿದ್ದವು. ಒಂದು ಸಣ್ಣ ಚೀಲದಷ್ಟಾದವು. ಯಜಮಾನರು ಎಂದಿನಂತೆ ಅವನ್ನು ರಾಮನಗರದ ಮಾರ್ಕೆಟ್ಟಿಗೆ ತೆಗೆದುಕೊಂಡು ಹೋದರು. ಹೊರಡುವಾಗ, ಅವ್ವನ ನೆನಪಿಗೆ ಒಂದಷ್ಟನ್ನು ಇಟ್ಟುಕೋ ಎಂದರು. ನಾನು ಬೇಡವೆಂದೆ. ಇಟ್ಟುಕೊಂಡ ಗೂಡನ್ನು ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡುತ್ತದೆ, ಅದನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ.

ಈಗ ಹೊಸ ಚಾಕಿ ತಂದಿದ್ದೇವೆ. ಬಾಗಿಲ ಮುಂದೆ ಕಟ್ಟೆ ಎತ್ತರಿಸಿದ್ದಾಯಿತು. ನಿನ್ನೆ ನೆಲ ತೊಳೆದು, ಸುಣ್ಣ ಬಳಿದು, ಹೆಂಚಿನ ಚೂರಿಗೆ ಅದೇ ಹಸಿರು ಬಟ್ಟೆ ಸುತ್ತಿ ಕಿಂಡಿಗೆ ಜಡಿದೆ. ಮೇಲೆ ಜೇಡಿಮಣ್ಣು ಮೆತ್ತಿದೆ. ಅತ್ತೆ ಮಾಡುತ್ತಿದ್ದುದರಲ್ಲಿ ಒಂದನ್ನು ಮಾತ್ರ ಬದಲಿಸಿದೆ. ಬಟ್ಟೆಯ ತುದಿಯನ್ನು ಮಣ್ಣಿನಿಂದ ಒಂದು ಗೇಣು ಈಚೆಗೆ ಬಿಟ್ಟು, ಮನೆಯವರನ್ನೆಲ್ಲ ಕೆಳಗೆ ಕರೆದು, ಅದು ಎಲ್ಲಿದೆ, ಹೇಗೆ ಹಿಡಿದು ಎಳೆಯಬೇಕು ಎಂದು ತೋರಿಸಿದೆ.