ಖಾಲಿ ಬಿಟ್ಟ ಸ್ಲಾಟು

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಪುಟ್ಟ ಅಂಗಡಿ. ಮುಂದುಗಡೆಯ ನೋಟ್‌ಬುಕ್ಕು, ಪೆನ್ನು, ಜೆರಾಕ್ಸು ನನ್ನ ಪಾಲು. ಒಳಗೆ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ, ನಾಮಕರಣ, ಗೃಹಪ್ರವೇಶ, ತೀರಿಕೊಂಡವರ ಶಿವಗಣಾರಾಧನೆಯ ಕಾರ್ಡುಗಳನ್ನು ಮಾಡುವುದು ನನ್ನ ಹೆಂಡತಿಯ ಪಾಲು. ಗಿರಾಕಿಗಳು ಬರುವುದು ಅವಳಿಗಾಗಿ. ನಾನಿರುವುದು ಚಿಲ್ಲರೆ ಕೊಡುವುದಕ್ಕೆ, ಉಳಿದ ಹೊತ್ತಿನಲ್ಲಿ ಚಿಂತೆ ಮಾಡುವುದಕ್ಕೆ.

ಚಿಂತೆಯಲ್ಲಿ ನನ್ನದು ಪಳಗಿದ ಕೈ. ಬಸ್ಸು ಹತ್ತಿದ ಮೇಲೆ ಗ್ಯಾಸು ಆರಿಸಿದೆನೋ ಇಲ್ಲವೋ ಎಂಬ ಸಂಶಯ ಬರದ ಪ್ರಯಾಣವನ್ನು ನಾನು ಮಾಡಿಯೇ ಇಲ್ಲ. ಮನೆ ಕಟ್ಟಿಸಿದಾಗ ಮುಂದೆ ಯಾವತ್ತಾದರೂ ಮಗನಿಗೆ ಮೇಲೊಂದು ಅಂತಸ್ತು ಬೇಕಾದೀತು ಅಂತ ಕಂಬಗಳ ಕಬ್ಬಿಣವನ್ನು ಮಾಳಿಗೆಯ ಮೇಲೆ ಉದ್ದಕ್ಕೆ ಬಿಡಿಸಿದೆ. ಅಂತಸ್ತು ಇವತ್ತಿಗೂ ಬಂದಿಲ್ಲ. ತುಕ್ಕು ಹಿಡಿಯದಿರಲಿ ಎಂದು ಒಂದೊಂದರ ತುದಿಗೂ ಖಾಲಿ ನೀರಿನ ಬಾಟಲಿ ಬೋರಲು ಹಾಕಿದ್ದೇನೆ. ದೂರದಿಂದ ನೋಡಿದವರಿಗೆ ನಮ್ಮ ಮನೆಯ ಮೇಲೆ ಬಾಟಲಿಯ ಬೆಳೆ ಬಂದ ಹಾಗೆ ಕಾಣುತ್ತದೆ.

ಆದರೆ ನನ್ನದು ಬರೀ ಚಿಂತೆ. ಮುಂದಿನದನ್ನು ನಿಜವಾಗಿ ನೋಡಿಕೊಳ್ಳುತ್ತಿದ್ದವಳು ಅವಳು. ಬೇಸಿಗೆ ಬಂತೆಂದರೆ ವರ್ಷಕ್ಕಾಗುವಷ್ಟು ಮೆಣಸಿನಕಾಯಿ, ಹುಣಸೆಹಣ್ಣು, ಜೋಳ ಮನೆ ಸೇರುತ್ತಿದ್ದವು. ಒಂದು ಮನೆಯ ಹಿರಿಮಗಳ ಲಗ್ನಪತ್ರಿಕೆ ಮಾಡಿದರೆ, ಕಿರಿಮಗಳ ಮದುವೆಗೆ ಬೇಕಾಗುತ್ತದೆಂದು ಆ ಹೆಸರುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಪಾನ ಮಾಡುತ್ತಿದ್ದಳು. ನಡುವೆ ಆ ಮನೆಯ ಹಿರಿಯರು ಯಾರಾದರೂ ತೀರಿಕೊಂಡ ಸುದ್ದಿ ಬಂದರೆ, ಹೇಳುವವರಿಲ್ಲದಿದ್ದರೂ ಅವರ ಹೆಸರಿನ ಹಿಂದೆ ತಾನೇ ಲಿಂಗೈಕ್ಯರೆಂಬ ‘ಲಿಂ.’ ಸೇರಿಸಿ ಇಡುತ್ತಿದ್ದಳು.

ಹೋದ ವರ್ಷ ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು, ಆಮೇಲಿನ ಔಷಧೋಪಚಾರವೂ ಮುಗಿಯಿತು. ಗುಣವಾಗಿದೆ, ಆದರೂ ಆಗಾಗ ಬಂದು ತೋರಿಸಿಕೊಂಡು ಹೋಗಿ ಅಂದರು ಡಾಕ್ಟರು. ಆ ಮಾತಿನ ಮೊದಲರ್ಧವನ್ನು ನಾನು ಹಿಡಿದುಕೊಂಡೆ, ನನ್ನ ಸ್ವಭಾವಕ್ಕೆ ವಿರುದ್ಧವಾಗಿ. ಉಳಿದರ್ಧವನ್ನು ಅವಳು ಹಿಡಿದುಕೊಂಡಳು.

ಅಳಲಿಲ್ಲ, ಊಟ ಬಿಡಲಿಲ್ಲ. ಗಿರಾಕಿಗಳ ಜೊತೆ ಮೊದಲಿನ ಹಾಗೇ ನಕ್ಕಳು. ಆದರೆ ಈ ಬೇಸಿಗೆಯಲ್ಲಿ ಮೆಣಸಿನಕಾಯಿ ತರಿಸಲಿಲ್ಲ. ಅಂಗಡಿಯಿಂದ ಖಾರದಪುಡಿಯ ಸಣ್ಣ ಪೊಟ್ಟಣ ಬಂತು, ಅದು ತೀರಿದಾಗ ಇನ್ನೊಂದು. ಅವಳ ಕೈಯ ಖಾರದಪುಡಿಯನ್ನು ತವರಿನವರು ಡಬ್ಬಿ ತಂದು ಒಯ್ಯುತ್ತಿದ್ದ ಮನೆ ಇದು. ‘ಇದ ಸಾಕ್ರಿ, ಯಾರ್ ಕುಟ್ಟಿಸ್ಕೋತ ಕುಂಡ್ರಬೇಕು’ ಅಂದಳು. ‘ಮುಂದಿನ ವರ್ಷ’ ಎಂಬ ಮಾತು ಅವಳ ಬಾಯಿಂದ ಸದ್ದಿಲ್ಲದೆ ಜಾರಿಹೋಗಿತ್ತು. ಜಾರಿದ್ದು ನನ್ನೊಬ್ಬನಿಗೇ ಗೊತ್ತಿತ್ತೇನೋ.

ಹೀಗಿರುವಾಗ ಅಂಗಡಿಯ ಹಳೆಯ ಸಿಪಿಯು ಕೈಕೊಡುವುದಕ್ಕೆ ಶುರುಮಾಡಿತು. ಟೇಬಲ್ಲಿನ ಕೆಳಗಿನ ಆ ದೊಡ್ಡ ಡಬ್ಬಿ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿ ತಾನಾಗಿಯೇ ಆರಿಹೋಗುತ್ತಿತ್ತು. ಹೊಸದು ಬೇಕೇ ಬೇಕು, ಅದೂ ಸಣ್ಣದು ಬೇಕು. ಆಪರೇಷನ್ ಆದ ಕಡೆಯ ಎಡಗೈಯಲ್ಲಿ ಭಾರ ಎತ್ತಬಾರದೆಂದು ಅವಳಿಗೆ ಹೇಳಿದ್ದರು. ಸುಸ್ತಾದ ದಿನ ಮನೆಗೇ ಒಯ್ದು ಟಿವಿಗೆ ಸಿಕ್ಕಿಸಿಕೊಂಡು ಕೆಲಸ ಮಾಡುವಂತಿದ್ದರೆ ಒಳ್ಳೆಯದು. ಇಷ್ಟರ ಮಟ್ಟಿಗೆ ಇಬ್ಬರದೂ ಒಂದೇ ಮಾತು.

ಜಗಳ ಬಂದದ್ದು ಅದರ ಒಳಗಿನದರ ಬಗ್ಗೆ. ನಾನು ಫೋನಿನಲ್ಲಿ ಓದಿ ಓದಿ ಅರ್ಧ ಪಂಡಿತನಾಗಿದ್ದೆ. ಒಂದೇ ಸಲಕ್ಕೆ ಕಂಪ್ಯೂಟರ್ ಎಷ್ಟು ಕೆಲಸ ಹೊರಬಲ್ಲದು ಎಂಬುದು ಅದರ ರ‍್ಯಾಮ್ ಮೇಲೆ ನಿಂತಿದೆ. ಸಣ್ಣ ಕಂಪ್ಯೂಟರುಗಳಲ್ಲಿ ಕೆಲವಕ್ಕೆ ಮುಂದೆ ರ‍್ಯಾಮ್ ಸೇರಿಸಲು ಜಾಗ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಜಾಗ ಇರುವಂಥದ್ದನ್ನೇ ತರೋಣ ಎಂದೆ. ಅವಳು ಲಗ್ನಪತ್ರಿಕೆಗಳನ್ನು ಮಡಚುತ್ತ ಕೂತಿದ್ದಳು. ಮಡಚುವುದನ್ನು ನಿಲ್ಲಿಸದೆ, ನನ್ನನ್ನು ಛೇಡಿಸುವಾಗಿನ ದನಿಯಲ್ಲೇ ಕೇಳಿದಳು:

‘ನನ್ನ ಶಿವಗಣಾರಾಧನಿ ಕಾರ್ಡ್ ಮಾಡಾಕ ಎಷ್ಟ್ ರ‍್ಯಾಮ್ ಬೇಕಂತೀರಿ?’

ಯಾರೂ ಕೇಳದಿದ್ದ ಜೆರಾಕ್ಸ್ ಮಾಡಲು ನಾನು ಮುಂದುಗಡೆಗೆ ಬಂದೆ.

ಅವತ್ತಿನಿಂದ ಆ ಖಾಲಿ ಜಾಗದ ಮೇಲೆ ನನಗೆ ಒಂಥರಾ ಹಟ ಹುಟ್ಟಿತು. ಅವಳು ಅದನ್ನು ಬೇಕು ಅಂದರೆ ಸಾಕು, ಉಳಿದದ್ದೆಲ್ಲ ಸರಿಹೋಗುತ್ತದೆ ಅಂತ. ಡಾಕ್ಟರು ಹೇಳಿ ನಂಬಿಸಲಾಗದ್ದನ್ನು ನಾನು ಕಂಪ್ಯೂಟರ್ ಕೊಡಿಸಿ ನಂಬಿಸಲು ಹೊರಟಿದ್ದೆ. ಹೇಳಿಕೊಂಡರೆ ನಗೆಪಾಟಲು, ಅದಕ್ಕೆ ಹೇಳಿಕೊಳ್ಳಲಿಲ್ಲ.

ಒಂದು ದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಹರಪನಹಳ್ಳಿಯ ಬಸ್ಸು ಹತ್ತಿದೆವು. ಅಲ್ಲಿನ ಕಂಪ್ಯೂಟರ್ ಅಂಗಡಿಯವರು ನಮ್ಮದೇ ವಯಸ್ಸಿನವರು, ಮಾತಿನ ಮನುಷ್ಯ. ಊಟದ ಡಬ್ಬಿಯಷ್ಟಿದ್ದ ಹೊಸ ಕಂಪ್ಯೂಟರೊಂದನ್ನು ತಂದು ಅವಳ ಅಂಗೈ ಮೇಲಿಟ್ಟರು.

‘ಹೂವಿನಂಗೈತೆ ನೋಡ್ರಕ್ಕ. ಬ್ಯಾಗಿನಾಗೆ ಹಾಕ್ಕಂಡು ಹೋಗಬೌದು.’

‘ಮುಂದೆ ರ‍್ಯಾಮ್ ಹಾಕ್ಬೇಕು ಅಂದ್ರ?’ ಎಂದೆ ನಾನು.

‘ಆಗಲ್ಲ ಸಾರ್. ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಹೆಂಗೆ ಬಂತೋ ಹಂಗೇ, ಕಡೀತನಕ.’

‘ಕಡೀತನಕ ಅಂದ್ರ ಎಷ್ಟ್ ದಿನ?’ ಅವಳು ಕೇಳಿದಳು.

‘ಮೂರ್ನಾಕು ವರ್ಷಕ್ಕೆ ಮೋಸ ಇಲ್ಲಕ್ಕ.’

‘ಅಷ್ಟಾದ್ರ ರಗಡಾತು. ಇದ ಇರ್ಲಿ.’

ಇನ್ನೊಂದು ನೋಡೋಣ ಅಂದೆ. ಅವಳು ಅಂಗಡಿಯವರ ಕಡೆ ತಿರುಗಿದಳು. ‘ಇವ್ರಿಗೆ ಮಾಳಿಗಿ ಮ್ಯಾಲೆ ಕಬ್ಬಿಣ ಬಿಟ್ಟಂಗ ಎಲ್ಲಾದ್ರಾಗೂ ಒಂದೀಟು ಬಿಡಬೇಕ್ರಿ. ಇಲ್ಲಂದ್ರ ಊಟ ಸೇರೂದಿಲ್ಲ.’

‘ತಗೊಳ್ಳೂ ಮುಂದ ಓಡ್ಸಿ ನೋಡು, ನಿನ್ನ ಕೆಲ್ಸ ಇದಕ್ಕ ಆಕ್ಕತೋ ಇಲ್ಲೋ’ ಅಂದೆ. ವಾದ ಸೋಲುತ್ತಿದ್ದೇನೆಂದು ಗೊತ್ತಾದಾಗ ನಾನು ಹೀಗೆ ನ್ಯಾಯವಂತನಾಗುತ್ತೇನೆ.

ಅವಳು ಪರ್ಸಿನಿಂದ ಪೆನ್‌ಡ್ರೈವ್ ತೆಗೆದಳು. ಅದರಲ್ಲಿ ತಂಬ್ರಹಳ್ಳಿಯ ಒಂದು ಮನೆತನದ ಲಗ್ನಪತ್ರಿಕೆ ಇತ್ತು. ಮೇಲೆ ಮನೆದೇವರ ಫೋಟೋ, ಅದರ ಕೆಳಗೆ ಸಾಲಾಗಿ ಹಿರಿಯರ ಫೋಟೋಗಳು, ಆಮೇಲೆ ಇಡೀ ಊರೇ ಸುಖಾಗಮನ ಬಯಸುತ್ತಿತ್ತು. ಪರದೆಯ ಮೇಲೆ ದೇವರು ಬಂದರು. ಹಿರಿಯರು ಬರಲಿಲ್ಲ. ಸಣ್ಣ ಚಕ್ರವೊಂದು ತಿರುಗುತ್ತ ನಿಂತಿತು. ಅವಳು ಅದನ್ನೇ ನೋಡುತ್ತಿದ್ದಳು. ಗಿರಾಕಿ ಎದುರಿಗೆ ಕೂತಿರುವಾಗ ಕೆಲಸ ತಡವಾದರೆ ಅವಳ ಹುಬ್ಬು ಗಂಟಾಗುತ್ತದೆ. ಆ ಗಂಟು ಎಷ್ಟೋ ತಿಂಗಳ ಮೇಲೆ ಕಂಡಿತು.

‘ಹಿಂಗ್ ಮಾಡಿದ್ರ ಚಾ ಕುಡದು ಬರ್ತೀನಂತ ಹೋದ ಗಿರಾಕಿ ಮತ್ತ ಬರೂದ ಇಲ್ಲ,’ ಅಂದಳು. ‘ಬ್ಯಾರೆದು ತೋರಸ್ರಿ.’

ಅಂಗಡಿಯವರು ಒಳಗಿನಿಂದ ಇನ್ನೊಂದನ್ನು ತಂದರು. ಎರಡು ದಪ್ಪ ಪುಸ್ತಕ ಒಂದರ ಮೇಲೊಂದು ಇಟ್ಟಷ್ಟಿತ್ತು. ಮೂಲೆಯಲ್ಲೊಂದು ಸಣ್ಣ ಗೀರು.

‘ಇದು ಯಾವ್ದೋ ಆಫೀಸಿನಾಗೆ ಇದ್ದ ಮಾಲಕ್ಕ. ಸುಳ್ಳು ಹೇಳಲ್ಲ, ಹೊಸದಲ್ಲ. ಬಿಚ್ಚಿ, ಒಳಗೆ ಕೆಟ್ಟಿದ್ದು ತಗ್ದು, ಸರ್ವಿಸ್ ಮಾಡೀವಿ. ಇನ್ನು ಹೆದ್ರಿಕೆ ಇಲ್ಲ.’

‘ಹಂಗಾರ ನನ್ನಂತದ ಅನ್ರಿ,’ ಅಂದಳು.

ಅವರಿಗೆ ಅರ್ಥವಾಗಲಿಲ್ಲ, ಗಿರಾಕಿಯ ಮಾತಿಗೆ ನಗಬೇಕಾದಷ್ಟು ನಕ್ಕರು. ನಾನು ಶೋಕೇಸಿನಲ್ಲಿದ್ದ ಮೌಸ್‌ಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಬೆಲೆಗಳನ್ನೆಲ್ಲ ಓದಿ ಮುಗಿಸಿ ತಿರುಗಿದೆ.

ಅಷ್ಟರಲ್ಲಿ ಪೆನ್‌ಡ್ರೈವ್ ಇದಕ್ಕೆ ಸೇರಿ, ತಂಬ್ರಹಳ್ಳಿಯ ಹಿರಿಯರು ಒಬ್ಬೊಬ್ಬರಾಗಿ ಪರದೆಗೆ ಬಂದಿದ್ದರು. ಅವಳು ಜೊತೆಗೆ ಇನ್ನೊಂದು ಕಾರ್ಡು ತೆರೆದಳು, ಅದರ ಜೊತೆ ಮತ್ತೊಂದು. ಅಕ್ಷರ ದೊಡ್ಡದು ಮಾಡಿದಳು, ಹೂವಿನ ಅಂಚು ಬದಲಿಸಿದಳು. ಕೊಳ್ಳಲು ಬಂದಿದ್ದನ್ನು ಮರೆತು ಕೆಲಸಕ್ಕೇ ಇಳಿದಳು. ಅಂಗಡಿಯವರು ನನಗೆ ಸ್ಟೂಲ್ ಕೊಟ್ಟರು, ಚಹಾ ತರಿಸಿದರು. ಅವಳ ಲೋಟ ಪಕ್ಕದಲ್ಲೇ ಆರಿಹೋಯಿತು.

‘ಒಳಗ ಹೆಂಗೈತಿ ನೋಡಾನು,’ ಅಂದಳು ಕೊನೆಗೆ.

ಅಂಗಡಿಯವರು ವೈರು ಕಿತ್ತು, ತಿರುಪು ತೆಗೆದು ಮುಚ್ಚಳ ಸರಿಸಿದರು. ಒಂದು ಸ್ಲಾಟಿನಲ್ಲಿ ಹಸಿರು ಪಟ್ಟಿಯಂಥ ರ‍್ಯಾಮ್ ಕೂತಿತ್ತು. ಪಕ್ಕದ್ದು ಖಾಲಿ. ಅವಳು ಬಗ್ಗಿ, ಮುಟ್ಟದೆ, ಬೆರಳು ಹತ್ತಿರ ಹಿಡಿದು ಕೇಳಿದಳು. ‘ಇದಕ್ಕ ಹಾಕೂದು ಯಾವಾಗ್ಲೂ ಸಿಗ್ತೈತೇನ್ರಿ?’

‘ಈಗ ಬ್ಯಾರೆ ನಮೂನಿ ಬಂದೈತಕ್ಕ. ಇದು ಬರ್ತಾ ಬರ್ತಾ ಕಮ್ಮಿ ಆಗ್ತೈತೆ. ಎಲ್ಡು ಮೂರು ವರ್ಷ ಅಂತೂ ಸಿಗ್ತೈತೆ, ನಾ ಕೊಡ್ತೀನಿ. ಆಮೇಲಿಂದು ಹೇಳಕ್ಕಾಗಲ್ಲ.’

ಕಮ್ಮಿ ಆಗುತ್ತದೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಹಳೆಯ ಮನುಷ್ಯ ಎದ್ದು ನಿಂತ. ‘ಹಂಗಾರ ಈಗ ಹಾಕಿಬಿಡ್ರಿ. ಯಾವ್ದು ದೊಡ್ಡದೈತೋ ಅದ ಹಾಕ್ರಿ. ನಾಳಿ ಸಿಗ್ಲಿಲ್ಲಂದ್ರ ಎಲ್ಲಿ ಹುಡಕ್ಕೋತ ಹೋಗೂದು.’

‘ಯಾಕ? ಈಗ ಬ್ಯಾಡ,’ ಅಂದಳು. ‘ಈಗಿಂದಕ ಇದ ಸಾಕು. ಮುಂದಿನ ವರ್ಷ ಲಗ್ನದ ಸೀಸನ್ ಮುಗೀಲಿ. ಮುಗದ ಮ್ಯಾಲೆ ಬಂದು ಹಾಕಿಸ್ಕೊಂಡ್ ಹೋಗಾನು.’

ನಾನು ಅಭ್ಯಾಸಬಲದಿಂದ ಎದುರು ವಾದಿಸತೊಡಗಿದ್ದೆ. ಅಲ್ಲಲೇ, ಅಷ್ಟೊತ್ತಿಗೆ ಇವರ ಹತ್ರ ತೀರಿಹೋಗಿದ್ರ, ಅಂತ ಏನೋ. ಅರ್ಧ ದಾರಿಯಲ್ಲಿ ಅವಳು ಅಂದದ್ದು ತಲೆಗೆ ಹತ್ತಿತು. ವಾದ ಅಲ್ಲಿಗೇ ಬಿಟ್ಟೆ. ಅವಳಿಗೆ ತಾನೇನು ಅಂದೆನೆಂಬುದರ ಮೇಲೆ ಗಮನವಿರಲಿಲ್ಲ. ಮುಚ್ಚಳದ ತಿರುಪನ್ನು ತಾನೇ ಹಾಕುತ್ತೇನೆಂದು ಅಂಗಡಿಯವರ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಳ್ಳುತ್ತಿದ್ದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದೆ. ‘ಮಗಾ ಹುಟ್ಟಿದಾಗ್ಲೂ ಹಿಂಗ ಹಿಡಕೊಂಡಿರಲಿಲ್ಲ ನೀವು,’ ಅಂದು ಅವಳು ಕಿಟಕಿಗೆ ಒರಗಿ ನಿದ್ದೆ ಹೋದಳು.

ಮಾರನೆಯ ದಿನ ಅಂಗಡಿಯಲ್ಲಿ ಅದನ್ನು ಜೋಡಿಸಿದೆವು. ಹಳೆಯದರ ಗಿರಣಿಯ ಸದ್ದಿಲ್ಲದೆ ಒಳಗೆಲ್ಲ ಒಂಥರಾ ಮೌನ. ಆ ಮೌನದಲ್ಲಿ ನನಗೆ ಹೊಸ ಚಿಂತೆ ಶುರುವಾಯಿತು. ಬಸ್‌ಸ್ಟ್ಯಾಂಡಿನ ಕೆಂಪುಧೂಳು ದಿನಕ್ಕೊಂದು ಪದರ ಕೂರುವ ಜಾಗ ಇದು, ಆ ಖಾಲಿ ಸ್ಲಾಟಿನ ಗತಿ ಏನು? ಟೇಪು ಅಂಟಿಸಬೇಕೇ? ಅವಳನ್ನು ಕೇಳಿದೆ.

‘ಧೂಳು ಕುಂತ್ರ ಒರಸ್ತೀನಿ ಬಿಡ್ರಿ,’ ಅಂದಳು, ಪರದೆಯಿಂದ ಕಣ್ಣು ಕೀಳದೆ. ‘ಈಗ ಇಲ್ಲಿ ಬಂದು ಕುಂಡ್ರಿ. ಈ ಹೊಳಲು ಊರಿನವ್ರ ಕಾರ್ಡಿನ್ಯಾಗಿನ ಹೆಸ್ರು ಓದ್ರಿ, ತಪ್ಪಿದ್ರ ಸಂಜಿಕ ಬಂದು ನನ್ನ ಜೀವಾ ತಿಂತಾರ.’

ಕನ್ನಡಕ ಹುಡುಕಿಕೊಂಡು ಅವಳ ಪಕ್ಕ ಕೂತು, ಅಜ್ಜನ ಹೆಸರಿನಿಂದ ಓದತೊಡಗಿದೆ.